ಎಳೆಯ ತಾಯಿ ಎಂದರೆ ಎಷ್ಟು ವಯಸ್ಸು?

(ಸಂಘದ ವಾರ್ಷಿಕೋತ್ಸವದ ಮಹಿಳಾ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಗಡಿನಾಡಿನ ಕನ್ನಡ ಸಂಘದ ವೇದಿಕೆಯನ್ನು ಏರಿದವರು ಭಾಷೆಯ ವಿಷಯವಾಗಿ ಮಾತನಾಡುವುದು ವಾಡಿಕೆ. ಶಾಲೆಗಳ ಕೊರತೆ, ಪಠ್ಯಪುಸ್ತಕಗಳ ವಿಳಂಬ, ಕನ್ನಡ ಬಲ್ಲ ಉಪಾಧ್ಯಾಯರ ನೇಮಕ, ಇವುಗಳನ್ನು ಕುರಿತು ಬೆಳಗಿನಿಂದ ಹಿರಿಯರು ಬೇಕಾದಷ್ಟು ಹೇಳಿರುವರು. ನಾವು ಆರಿಸಿಕೊಂಡ ವಿಷಯವು ಕೆಲವರಿಗೆ ವಿಚಿತ್ರವಾಗಿ ತೋರಿರಬಹುದು. ಆದರೆ ಅದು ನಮ್ಮ ತಲೆಯಲ್ಲಿ ಹುಟ್ಟಿದುದಲ್ಲ. ಒಬ್ಬ ತಾಯಿ ನಮ್ಮನ್ನು ಕೇಳಿದ ಪ್ರಶ್ನೆ.

ಹೋದ ವರ್ಷ ಹಿಂದೂಪುರದ ಬಸ್ ನಿಲ್ದಾಣದಲ್ಲಿ ಮಡಕಶಿರೆಯ ಕಡೆಯ ಒಬ್ಬ ಹೆಣ್ಣುಮಗಳು ನಮ್ಮನ್ನು ಗುರುತು ಹಿಡಿದು ಮಾತನಾಡಿಸಿದರು. ಮೂವತ್ತು ವರ್ಷ ಕನ್ನಡ ಶಾಲೆಗಳಲ್ಲಿ ಪಾಠ ಹೇಳಿದ ನಮಗೆ ಇಂತಹ ಭೇಟಿಗಳು ಹೊಸವಲ್ಲ. ಆಕೆಯೊಡನೆ ತುಂಬಿದ ಬಸುರಿಯಾದ ಸೊಸೆ ಇದ್ದಳು. ಆಸ್ಪತ್ರೆಯಲ್ಲಿ ತೋರಿಸಿಕೊಂಡು ಬಂದಿದ್ದರು. ಅತ್ತೆಯ ಮುಖದಲ್ಲಿ ಸ್ವಲ್ಪ ಸಿಟ್ಟು, ಸ್ವಲ್ಪ ಗಾಬರಿ. “ಟೀಚರಮ್ಮ, ಇವಳಿಗೆ ಹತ್ತೊಂಬತ್ತು ನಡೀತಾ ಇದೆ. ಡಾಕ್ಟರಮ್ಮ ಚೀಟಿ ನೋಡಿ, ಎಳೇ ವಯಸ್ಸಿನ ತಾಯಿ, ಜಾಗ್ರತೆ ಅಂತಾರೆ. ನಾನು ಹದಿನಾರಕ್ಕೇ ಹೆತ್ತೋಳು. ನನ್ನ ಯಾರೂ ಹಂಗೆ ಅನ್ನಲಿಲ್ಲ. ಎಳೇ ತಾಯಿ ಅಂದ್ರೆ ಎಷ್ಟು ವಯಸ್ಸು, ನೀವಾದ್ರೂ ಹೇಳಿ” ಎಂದರು. ಬಸ್ಸು ಬಂದಿತು, ಅವರು ಹೊರಟರು. ಪ್ರಶ್ನೆ ಮಾತ್ರ ನಮ್ಮಲ್ಲಿಯೇ ಉಳಿಯಿತು.

ಮೊದಲು ನಮ್ಮ ಮಾತಿನಲ್ಲಿ ಏನಿದೆಯೆಂದು ನೋಡೋಣ. ಬಸುರಿ, ಚೊಚ್ಚಲ ಬಸುರಿ, ಹಸಿ ಬಾಣಂತಿ, ಕೈಗೂಸಿನ ತಾಯಿ, ಹೀಗೆ ತಾಯ್ತನದ ಒಂದೊಂದು ಹಂತಕ್ಕೂ ಕನ್ನಡದಲ್ಲಿ ಹೆಸರುಂಟು. ಇವುಗಳಲ್ಲಿ ಒಂದೂ ವಯಸ್ಸನ್ನು ಹೇಳುವುದಿಲ್ಲ. ಹಸಿ ಬಾಣಂತಿಗೆ ಹದಿನೈದಿರಬಹುದು, ನಲವತ್ತಿರಬಹುದು. ಹೆರಿಗೆಯಾಗಿ ಎಷ್ಟು ದಿನವಾಯಿತೆಂಬುದೇ ಲೆಕ್ಕ. ನೆರೆಯ ತೆಲುಗಿನವರ ‘ಬಾಲಿಂತ’ ಎಂಬ ಮಾತಿನಲ್ಲಿಯೂ ಅಷ್ಟೆ. ಹೆಣ್ಣಿನ ಆಯುಷ್ಯವನ್ನು ನಮ್ಮವರು ವರ್ಷಗಳಿಂದ ಅಳೆಯಲಿಲ್ಲ. ಮೈನೆರೆದದ್ದು, ಮದುವೆ, ಒಸಗೆ, ಸೀಮಂತ, ಚೊಚ್ಚಲ ಹೆರಿಗೆ, ಇವೇ ಅವಳ ಮೈಲಿಗಲ್ಲುಗಳು. ಆದುದರಿಂದ ಆ ಅತ್ತೆಯನ್ನು ಯಾರೂ ಎಳೆಯ ತಾಯಿ ಎನ್ನದಿದ್ದುದಕ್ಕೆ ಆಶ್ಚರ್ಯಪಡಬೇಕಾದುದಿಲ್ಲ. ಹಾಗೆ ಅನ್ನಲು ಮಾತೇ ಇರಲಿಲ್ಲ.

ನಮ್ಮ ಅಜ್ಜಿಯವರ ಸಂಗತಿಯನ್ನು ಇಲ್ಲಿ ಹೇಳಬಹುದು. ಅವರು ಹುಟ್ಟಿದ್ದು 1918ರ ದೊಡ್ಡ ಜ್ವರದ ವರ್ಷ, ಕಾಳಯುಕ್ತಿ ಸಂವತ್ಸರದಲ್ಲಿ. ಜ್ವರದಲ್ಲಿ ಊರಿನ ಅರ್ಧ ಮನೆಗಳ ಒಲೆ ಆರಿದ್ದಾಗ ಹುಟ್ಟಿದ ಕೂಸೆಂದು ಮನೆಯವರು ನೆನಪಿಟ್ಟುಕೊಂಡಿದ್ದರು. ಇಲ್ಲದಿದ್ದರೆ ಅದೂ ತಿಳಿಯುತ್ತಿರಲಿಲ್ಲ. ಮದುವೆಯಾದದ್ದು ಶುಕ್ಲ ಸಂವತ್ಸರದ ಮಾಘದಲ್ಲಿ, ಅಂದರೆ 1930ರ ಮೊದಲ ತಿಂಗಳುಗಳಲ್ಲಿ, ಹನ್ನೊಂದು ತುಂಬಿದ ಮೇಲೆ. ಚೊಚ್ಚಲ ಮಗು ಮೂರು ದಿನ ಮಾತ್ರ ಉಳಿಯಿತು. “ಆಗ ನಿನಗೆ ಎಷ್ಟು ವಯಸ್ಸು ಅಜ್ಜಿ?” ಎಂದು ನಾವು ಕೇಳಿದರೆ, “ವಯಸ್ಸು ಯಾರು ನೋಡಿದ್ರು? ಸೊಂಟದಲ್ಲಿ ಸೀರೆ ನೆರಿಗೆ ನಿಲ್ತಿರಲಿಲ್ಲ, ಅಷ್ಟು ಗೊತ್ತು” ಎನ್ನುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು. ಲೆಕ್ಕ ಹಾಕಿದರೆ ಹದಿನಾಲ್ಕೋ ಹದಿನೈದೋ ಆಗುತ್ತದೆ. ನಾವು ಓದಿದ ವೈದ್ಯರ ವಿವರಣೆಗಳಲ್ಲೆಲ್ಲ ಆ ನೆರಿಗೆಯ ಮಾತಿನಷ್ಟು ಸ್ಪಷ್ಟವಾದುದು ಇನ್ನೊಂದು ದೊರೆತಿಲ್ಲ.

ಆ ಮಾಘ ಮಾಸದ ಅವಸರಕ್ಕೆ ಕಾರಣವಿತ್ತು. ಹರಬಿಲಾಸ ಸಾರದಾ ಎಂಬವರ ಪ್ರಯತ್ನದಿಂದ 1929ರಲ್ಲಿ ಅಂಗೀಕೃತವಾದ ಬಾಲ್ಯವಿವಾಹ ನಿರ್ಬಂಧಕ ಕಾಯಿದೆಯು 1930ನೆಯ ಇಸವಿ ಏಪ್ರಿಲ್ 1ರಿಂದ ಜಾರಿಗೆ ಬರಲಿದ್ದಿತು. ಹುಡುಗಿಗೆ 14, ಹುಡುಗನಿಗೆ 18 ತುಂಬದೆ ಮದುವೆ ಮಾಡಿದರೆ ಶಿಕ್ಷೆ. ಅದು ಬರುವ ಮೊದಲೇ ಮುಗಿಸಿಬಿಡಬೇಕೆಂದು ದೇಶದಾದ್ಯಂತ ಚಪ್ಪರಗಳು ಎದ್ದವು. 1931ರ ಜನಗಣತಿಯಲ್ಲಿ ವಿವಾಹಿತ ಬಾಲಕ ಬಾಲಿಕೆಯರ ಸಂಖ್ಯೆ ಇಳಿಯುವ ಬದಲು ಏರಿದ್ದಿತು. ಎಳೆಯರನ್ನು ಕಾಯಬೇಕೆಂದು ಮಾಡಿದ ಕಾಯಿದೆ ಮೊದಲ ಪೆಟ್ಟಿಗೆ ಅವರನ್ನೇ ಹಸೆಮಣೆಗೆ ಅಟ್ಟಿತು.

ಗಡಿಯಲ್ಲಿ ಬಾಳುವ ನಮಗೆ ಈ ಚರಿತ್ರೆಯ ಒಂದು ಮುಖ ವಿಶೇಷವಾಗಿ ಕಾಣಬೇಕು. ಮೈಸೂರು ಸಂಸ್ಥಾನವು 1894ರಷ್ಟು ಹಿಂದೆಯೇ, ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ, ಶಿಶುವಿವಾಹ ನಿಷೇಧದ ರೆಗ್ಯುಲೇಷನ್ ಒಂದನ್ನು ತಂದಿತು. ಎಂಟು ವರ್ಷಕ್ಕೆ ಕೆಳಗಿನ ಹುಡುಗಿಯ ಮದುವೆ ಕೂಡದು. ಐವತ್ತು ದಾಟಿದ ಗಂಡಸು ಹದಿನಾಲ್ಕಕ್ಕೆ ಕೆಳಗಿನವಳನ್ನು ಕೈಹಿಡಿಯಕೂಡದು. ಈಗ ಕೇಳಿದರೆ ನಗು ಬರಬಹುದು, ಎಂಟೇ ಎಂದು. ಆದರೆ ಗಡಿಯ ಈಚೆ, ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಹಿಂದೂಪುರ ಕಲ್ಯಾಣದುರ್ಗಗಳಲ್ಲಿ, ಮದುವೆಯ ವಯಸ್ಸಿಗೆ ಅಷ್ಟು ಕಟ್ಟಳೆಯೂ ಇರಲಿಲ್ಲ. ಇದ್ದುದು 1891ರ ಸಮ್ಮತಿ ವಯಸ್ಸಿನ ಕಾಯಿದೆ ಒಂದೇ. ಕಲ್ಕತ್ತೆಯಲ್ಲಿ ಫೂಲಮಣಿ ದಾಸಿ ಎಂಬ ಹತ್ತು ಹನ್ನೊಂದರ ಬಾಲೆ ಗಂಡನ ಕೈಯಲ್ಲಿ ಪ್ರಾಣ ಬಿಟ್ಟ ಬಳಿಕ ಬಂದ ಆ ಕಾಯಿದೆಯು ದಾಂಪತ್ಯಕ್ಕೆ ಹತ್ತರಿಂದ ಹನ್ನೆರಡಕ್ಕೆ ಮಿತಿಯನ್ನು ಏರಿಸಿತ್ತು, ಅಷ್ಟೆ.

1930ರ ಏಪ್ರಿಲಿನಲ್ಲಿ ತಕ್ಕಡಿ ತಿರುಗಿತು. ಸಾರದಾ ಕಾಯಿದೆ ಬ್ರಿಟಿಷ್ ಇಂಡಿಯಾಕ್ಕೆ ಅನ್ವಯಿಸಿತೇ ಹೊರತು ಸಂಸ್ಥಾನಗಳಿಗಲ್ಲ. ಹಿಂದೂಪುರದಲ್ಲಿ ಹದಿನಾಲ್ಕು, ರೈಲಿನಲ್ಲಿ ಅರ್ಧ ಗಂಟೆಯ ದಾರಿಯ ಗೌರಿಬಿದನೂರಿನಲ್ಲಿ ಅದೇ ಎಂಟು! ಬ್ರಿಟಿಷ್ ಪ್ರಾಂತ್ಯಗಳ ಎಷ್ಟೋ ಕುಟುಂಬಗಳು ಆಗ ಸಂಸ್ಥಾನಗಳ ಗಡಿ ದಾಟಿ ಹೋಗಿ ಮದುವೆ ಮಾಡಿಕೊಂಡು ಬಂದವು. ನಮ್ಮಂತೆ ಎರಡೂ ಕಡೆ ನಂಟರುಳ್ಳವರಿಗೆ ಅದೇನು ದೂರದ ಮಾತು?

ಬಳಿಕ ಸಂಖ್ಯೆಗಳು ಮೆಲ್ಲಮೆಲ್ಲನೆ ಏರಿದವು. 1949ರಲ್ಲಿ ಹುಡುಗಿಗೆ 15 ಆಯಿತು. 1955ರ ಹಿಂದೂ ವಿವಾಹ ಕಾಯಿದೆಯೂ ಅದನ್ನೇ ಇಟ್ಟುಕೊಂಡಿತು. 1978ರಲ್ಲಿ 18 ಆಯಿತು, ಗಂಡಿಗೆ 21. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯು 2007ರ ನವೆಂಬರಿನಲ್ಲಿ ಜಾರಿಗೆ ಬಂದಿತು. 2017ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಹೆಂಡತಿಯೇ ಆಗಿದ್ದರೂ ಹದಿನೆಂಟು ತುಂಬದವಳೊಡನೆ ಕೂಡುವುದು ಅಪರಾಧವೇ ಎಂದು ತೀರ್ಮಾನಿಸಿತು. ಹೆಣ್ಣಿನ ಮದುವೆಯ ವಯಸ್ಸನ್ನೂ 21ಕ್ಕೆ ಏರಿಸುವ ಮಸೂದೆಯೊಂದು 2021ರಲ್ಲಿ ಮಂಡಿತವಾಗಿ, 2024ರಲ್ಲಿ ಲೋಕಸಭೆಯ ಅವಧಿಯೊಡನೆ ಬಿದ್ದುಹೋಯಿತು.

ಗಡಿಯ ವ್ಯತ್ಯಾಸ ಇಂದಿಗೂ ಅಳಿದಿಲ್ಲವೆಂಬುದನ್ನು ನಮ್ಮ ತಂದೆತಾಯಿಗಳು ತಿಳಿದಿರಬೇಕು. ಕೇಂದ್ರದ ಕಾಯಿದೆಯ ಮೇರೆಗೆ ಬಾಲ್ಯವಿವಾಹವು ತಾನಾಗಿ ರದ್ದಾಗುವುದಿಲ್ಲ. ಮದುವೆಯಾದ ಮಗುವೇ, ವಯಸ್ಕಳಾದ ಮೇಲೆ ಎರಡು ವರ್ಷದೊಳಗಾಗಿ ನ್ಯಾಯಾಲಯಕ್ಕೆ ಹೋಗಿ ರದ್ದು ಮಾಡಿಸಿಕೊಳ್ಳಬಹುದು. ಕರ್ನಾಟಕವು 2016ರ ತಿದ್ದುಪಡಿಯಿಂದ ಅಂತಹ ಮದುವೆ ಮೊದಲಿನಿಂದಲೂ ಅಸಿಂಧುವೇ ಎಂದು ಮಾಡಿತು. ಹೆಣ್ಣು ಈಚೆಯದು, ಗಂಡು ಆಚೆಯದು, ಚಪ್ಪರ ಇನ್ನೆಲ್ಲಿಯೋ ಆದಾಗ ವಕೀಲರಿಗೇ ತಲೆ ಬಿಸಿಯಾಗುತ್ತದೆ. ಹುಡುಗಿಯ ಪಾಡನ್ನು ಹೇಳುವುದೇನು?

ಕಾಯಿದೆಯ ಸಂಖ್ಯೆಗಳು ಮದುವೆಯವು. ತಾಯ್ತನಕ್ಕೆ ವೈದ್ಯರು ಬೇರೆಯೇ ಗೆರೆ ಎಳೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಹತ್ತರಿಂದ ಹತ್ತೊಂಬತ್ತರವರೆಗೆ ಕಿಶೋರಾವಸ್ಥೆ. ಇಪ್ಪತ್ತು ತುಂಬುವ ಮೊದಲು ಹೆತ್ತವಳೆಲ್ಲ ಕಿಶೋರಿ ತಾಯಿ. ಆ ಡಾಕ್ಟರಮ್ಮನವರು ಹೇಳಿದ್ದು ಇದನ್ನೇ. ಇದು ಪಾಶ್ಚಾತ್ಯರ ಹೊಸ ಕಲ್ಪನೆಯೆಂದು ಮೂಗು ಮುರಿಯುವವರಿದ್ದರೆ ಅವರು ಸುಶ್ರುತ ಸಂಹಿತೆಯ ಶಾರೀರಸ್ಥಾನವನ್ನು ನೋಡಬಹುದು. ಹದಿನಾರು ತುಂಬದವಳಲ್ಲಿ, ಇಪ್ಪತ್ತೈದು ತುಂಬದವನಿಂದ ನಿಂತ ಗರ್ಭವು ಒಡಲಲ್ಲಿಯೇ ಕೆಡುವುದು, ಹುಟ್ಟಿದರೂ ಬಹುಕಾಲ ಬಾಳದು, ಬಾಳಿದರೂ ದುರ್ಬಲವಾಗಿರುವುದು ಎಂಬ ಅಭಿಪ್ರಾಯ ಅಲ್ಲಿದೆ. ಎಂಟರವಳು ಗೌರಿ, ಒಂಬತ್ತರವಳು ರೋಹಿಣಿ, ಹತ್ತರವಳು ಕನ್ಯೆ ಎಂಬ ಸ್ಮೃತಿಯ ಗಣನೆಯನ್ನು ಮಾತ್ರ ಬಾಯಿಪಾಠ ಮಾಡಿಕೊಂಡ ನಮ್ಮ ಹಿರಿಯರು ವೈದ್ಯನ ಮಾತನ್ನು ಏಕೆ ಮರೆತರೋ ತಿಳಿಯದು.

ಕಾರಣವೇನೆಂದರೆ, ಮೈನೆರೆದ ಮಾತ್ರಕ್ಕೆ ಹೆಣ್ಣಿನ ಶರೀರ ಹೆರಿಗೆಗೆ ಸಿದ್ಧವಾಯಿತೆಂದಲ್ಲ. ಎತ್ತರ ಬೆಳೆಯುವುದು ಬಹುಮಟ್ಟಿಗೆ ನಿಂತ ಮೇಲೆಯೂ ಸೊಂಟದ ಎಲುಬಿನ ಕಟ್ಟು ಕೆಲವು ವರ್ಷ ಅಗಲವಾಗುತ್ತಲೇ ಇರುತ್ತದೆ. ಅದು ಮುಗಿಯುವ ಮೊದಲೇ ಗರ್ಭ ನಿಂತರೆ ಬೆಳೆಯುವ ಮಗುವಿಗೂ ಬೆಳೆಯುವ ತಾಯಿಗೂ ಒಂದೇ ತಟ್ಟೆಯ ಅನ್ನದಲ್ಲಿ ಪಾಲು. ಮಗುವಿನ ತೂಕ ಕಡಮೆಯಾಗುವುದು, ಅವಧಿಗೆ ಮುಂಚೆ ಹೆರಿಗೆಯಾಗುವುದು, ರಕ್ತದೊತ್ತಡವೇರಿ ಫಿಟ್ಸ್ ಬರುವುದು, ಹೆರಿಗೆ ತಡೆದುನಿಲ್ಲುವುದು, ಬಾಣಂತಿಗೆ ನಂಜೇರುವುದು, ಇವೆಲ್ಲ ಇಪ್ಪತ್ತು ದಾಟಿದವರಿಗಿಂತ ಇವರಲ್ಲಿ ಹೆಚ್ಚು. ಅದರ ಮೇಲೆ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ಹದಿನೈದರಿಂದ ಹತ್ತೊಂಬತ್ತರ ಹುಡುಗಿಯರಲ್ಲಿ ನೂರಕ್ಕೆ 59 ಮಂದಿ ರಕ್ತಹೀನರು. ಗರ್ಭ ನಿಲ್ಲುವ ಮೊದಲೇ ಸಾಲಗಾರರಾದವರು ಎನ್ನಬೇಕು.

ಹತ್ತೊಂಬತ್ತು ವರ್ಷ ಹನ್ನೊಂದು ತಿಂಗಳಿಗೆ ಅಪಾಯ, ಇಪ್ಪತ್ತು ತುಂಬಿದ ಮರುದಿನ ನಿರ್ಭಯ ಎಂದು ಯಾವ ವೈದ್ಯರೂ ಹೇಳುವುದಿಲ್ಲ. ಹದಿನಾಲ್ಕರವಳ ಕಷ್ಟ ಬಹಳ ದೊಡ್ಡದು. ಹತ್ತೊಂಬತ್ತರ, ಚೆನ್ನಾಗಿ ಉಂಡು ಬೆಳೆದವಳ ಕಷ್ಟ ಅಷ್ಟಿಲ್ಲ. ಆ ಸೊಸೆಗೆ ಡಾಕ್ಟರಮ್ಮ ಹೇಳಿದ್ದು ಜಾಗ್ರತೆಯೆಂದೇ ಹೊರತು ಗಂಡಾಂತರವೆಂದಲ್ಲ. ಇನ್ನೊಂದು ತುದಿಯಲ್ಲಿಯೂ ಗೆರೆಯುಂಟು. ಮೂವತ್ತೈದರ ಮೇಲೆ ಚೊಚ್ಚಲು ಹೆರುವವಳನ್ನು ಪ್ರಸೂತಿ ವೈದ್ಯರ ಅಂತರರಾಷ್ಟ್ರೀಯ ಒಕ್ಕೂಟವು 1958ರಲ್ಲಿ ವಯಸ್ಸು ಮೀರಿದ ಚೊಚ್ಚಲಿತ್ತಿ ಎಂದು ಎಣಿಸಿತು. ಈಗ ಹಾಗೆ ಕರೆಯುವುದಕ್ಕೆ ಸಂಕೋಚ ಬಂದಿದೆ.

ಇವೆರಡರ ನಡುವೆ ಯಾರು ಎಳೆಯರು, ಯಾರು ಬಲಿತವರು ಎಂಬುದನ್ನು ಊರೇ ತೀರ್ಮಾನಿಸುತ್ತದೆ. ನಮ್ಮ ನಂಟರ ಹುಡುಗಿಯೊಬ್ಬಳು ಬೆಂಗಳೂರಿನಲ್ಲಿ ಕಂಪ್ಯೂಟರ್ ಕಂಪನಿಯ ಕೆಲಸದಲ್ಲಿದ್ದಾಳೆ. ಇಪ್ಪತ್ತನಾಲ್ಕಕ್ಕೆ ಬಸುರಿಯಾದಾಗ ಜೊತೆಯವರು, “ಇಷ್ಟು ಬೇಗ ಏಕೆ?” ಎಂದು ಕೇಳಿದರಂತೆ. ಅದೇ ವಾರ ಹಿಂದೂಪುರದಲ್ಲಿ ಅವಳ ಸೋದರತ್ತೆ, “ಸದ್ಯ, ಈಗಲಾದರೂ ಆಯಿತಲ್ಲ” ಎಂದು ದೇವರಿಗೆ ತುಪ್ಪದ ದೀಪ ಹಚ್ಚಿದರು. ಜಪಾನಿನಲ್ಲಿ ಚೊಚ್ಚಲ ಹೆರಿಗೆಯ ಸರಾಸರಿ ವಯಸ್ಸು ಸುಮಾರು 31. ಅಲ್ಲಿ ಇವಳು ನಿಜಕ್ಕೂ ಎಳೆಯ ತಾಯಿಯೇ. ನಮ್ಮ ಪಕ್ಕದ ವಿದುರಾಶ್ವತ್ಥದಲ್ಲಿ ಸಾಲುಸಾಲಾಗಿ ನಿಂತಿರುವ ನಾಗರಕಲ್ಲುಗಳನ್ನು ನೀವೆಲ್ಲರೂ ಕಂಡಿದ್ದೀರಿ. ಮಕ್ಕಳಾಗಲೆಂದು ಹರಸಿಕೊಂಡವರು ಪ್ರತಿಷ್ಠಿಸಿದ ಕಲ್ಲುಗಳು ಅವು. ಭಕ್ತಿಯನ್ನು ನಾವು ಆಕ್ಷೇಪಿಸುತ್ತಿಲ್ಲ. ಆದರೆ ಮದುವೆಯಾಗಿ ಒಂದು ವರ್ಷವಾಗುವುದರೊಳಗೆ ಹದಿನೆಂಟರ ಸೊಸೆಯನ್ನು ಅಲ್ಲಿಗೆ ಕರೆದೊಯ್ಯುವ ಆತುರವನ್ನು ಕಂಡಾಗ, ಬಂಜೆಯೆನ್ನಿಸಿಕೊಳ್ಳುವ ಭಯವು ಹೆರಿಗೆಯ ಭಯಕ್ಕಿಂತ ಎಷ್ಟು ದೊಡ್ಡದೆಂದು ತಿಳಿಯುತ್ತದೆ.

ಈಗ ನಮ್ಮ ರಾಜ್ಯದ ಸ್ಥಿತಿಯನ್ನು ನೋಡೋಣ. ಅದೇ ಸಮೀಕ್ಷೆಯ ಕಾಲಕ್ಕೆ ಹದಿನೈದರಿಂದ ಹತ್ತೊಂಬತ್ತರ ಹೆಣ್ಣುಮಕ್ಕಳಲ್ಲಿ ಆಗಲೇ ತಾಯಂದಿರೋ ಬಸುರಿಯರೋ ಆಗಿದ್ದವರು ದೇಶದಲ್ಲಿ ನೂರಕ್ಕೆ 6.8, ಕರ್ನಾಟಕದಲ್ಲಿ 5.4, ಆಂಧ್ರಪ್ರದೇಶದಲ್ಲಿ 12.6. ಇಪ್ಪತ್ತರಿಂದ ಇಪ್ಪತ್ತನಾಲ್ಕರ ಸ್ತ್ರೀಯರಲ್ಲಿ ಹದಿನೆಂಟಕ್ಕೆ ಮೊದಲೇ ಮದುವೆಯಾಗಿದ್ದವರು ಕರ್ನಾಟಕದಲ್ಲಿ 21.3, ಆಂಧ್ರದಲ್ಲಿ 29.3.

ಇದರ ಜೊತೆಗೆ ಇನ್ನೊಂದು ಅಂಕಿಯನ್ನು ಇಡಬೇಕು. ಸ್ವಾತಂತ್ರ್ಯದ ಮುಂಚಿನ ವರ್ಷ, 1946ರಲ್ಲಿ, ಭೋರ್ ಸಮಿತಿಯು ಸಾವಿರ ಹೆರಿಗೆಗಳಲ್ಲಿ ಇಪ್ಪತ್ತು ತಾಯಂದಿರು ಸಾಯುತ್ತಾರೆಂದು ಅಂದಾಜು ಮಾಡಿದ್ದಿತು. ಲಕ್ಷಕ್ಕೆ ಎರಡು ಸಾವಿರವಾಯಿತು. 2018-20ರಲ್ಲಿ ಆ ಸಂಖ್ಯೆ ದೇಶದಲ್ಲಿ ಲಕ್ಷಕ್ಕೆ 97ಕ್ಕೆ ಇಳಿದಿತ್ತು. ಕರ್ನಾಟಕದಲ್ಲಿ 69, ಆಂಧ್ರದಲ್ಲಿ 45! ಬಾಣಂತಿಯ ಪ್ರಾಣ ಉಳಿಸುವುದರಲ್ಲಿ ನಮ್ಮ ರಾಜ್ಯ ನೆರೆಯ ರಾಜ್ಯಕ್ಕಿಂತ ಮುಂದಿದ್ದಿತು. ಸರ್ಕಾರದ ದಾದಿಯರು, ಆಶಾ ಕಾರ್ಯಕರ್ತೆಯರು, 1969ರಿಂದ ಅನಂತಪುರದ ಬರದ ಸೀಮೆಯಲ್ಲಿ ದುಡಿಯುತ್ತ ಬಂದು ಕಲ್ಯಾಣದುರ್ಗದಲ್ಲಿಯೂ ಆಸ್ಪತ್ರೆ ಕಟ್ಟಿದ ಗ್ರಾಮೀಣಾಭಿವೃದ್ಧಿ ಟ್ರಸ್ಟಿನಂತಹ ಸಂಸ್ಥೆಗಳು, ಇಂತಹವರ ಶ್ರಮ ಇದರ ಹಿಂದಿದೆ. ಹೆರಿಗೆಯ ಕೋಣೆ ಸುಧಾರಿಸಿತು. ಮದುವೆಯ ಚಪ್ಪರ ಅಷ್ಟು ಸುಧಾರಿಸಲಿಲ್ಲ. ಸಾಯುವವಳನ್ನು ಬದುಕಿಸಿದೆವು, ಆದರೆ ಅವಳನ್ನು ಆ ಮಂಚಕ್ಕೆ ಏರಿಸುವ ವಯಸ್ಸನ್ನು ನಾವು ಬದಲಿಸಿಲ್ಲ. ಅದನ್ನು ಬದಲಿಸುವುದು ಡಾಕ್ಟರರ ಕೈಯಲ್ಲಿ ಇಲ್ಲವಷ್ಟೆ.

ಏಕೆ ಹೀಗೆ? ಬಡತನ ಎಂದು ಒಂದು ಮಾತಿನಲ್ಲಿ ಮುಗಿಸುವುದು ಸುಲಭ. ನಾವು ಕಂಡಂತೆ ಕಾರಣಗಳು ಮನೆಯಿಂದ ಮನೆಗೆ ಬೇರೆ. ಕಲ್ಯಾಣದುರ್ಗದ ಕಡೆ ಕಡಲೆಕಾಯಿ ಬೆಳೆ ಕೈಕೊಟ್ಟ ವರ್ಷ ತಂದೆತಾಯಿ ಬೆಂಗಳೂರಿಗೆ ಕೂಲಿಗೆ ಹೊರಡುತ್ತಾರೆ. ಮೈನೆರೆದ ಮಗಳನ್ನು ಯಾರ ಬಳಿ ಬಿಡುವುದು? ಒಬ್ಬನ ಕೈಗೆ ಒಪ್ಪಿಸಿಬಿಟ್ಟರೆ ಹೊರೆ ಇಳಿಯಿತು. ಇನ್ನೊಂದು ಮನೆಯಲ್ಲಿ ಸೋದರಮಾವನಿಗೇ ಕೊಡುವುದೆಂದು ತೊಟ್ಟಿಲಲ್ಲಿಯೇ ಮಾತಾಗಿರುತ್ತದೆ. ಅಜ್ಜಿ ಹಾಸಿಗೆ ಹಿಡಿದಳೆಂದರೆ ಕಣ್ತುಂಬ ನೋಡಿ ಹೋಗಲೆಂದು ಮುಹೂರ್ತ ಇಟ್ಟುಬಿಡುತ್ತಾರೆ. ಅಜ್ಜಿ ಆಮೇಲೆ ಹತ್ತು ವರ್ಷ ಬದುಕುವುದನ್ನೂ ನಾವು ಕಂಡಿದ್ದೇವೆ.

ಮೂರನೆಯ ಕಾರಣ ನಮ್ಮ ಸಂಘಕ್ಕೆ ನೇರವಾಗಿ ಸಂಬಂಧಿಸಿದುದು. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿದ ಹುಡುಗಿಯ ಮುಂದೆ ಬಹುಮಟ್ಟಿಗೆ ಎರಡೇ ದಾರಿ: ತೆಲುಗಿಗೋ ಇಂಗ್ಲಿಷಿಗೋ ಬದಲಿಸುವುದು, ಇಲ್ಲವೇ ಗಡಿ ದಾಟಿ ಓದುವುದು. ಹುಡುಗರು ಬಸ್ಸು ಹತ್ತುತ್ತಾರೆ. ಹುಡುಗಿಯಾದರೆ ಮನೆಯವರು, “ಒಂದು ವರ್ಷ ನೋಡೋಣ” ಎನ್ನುತ್ತಾರೆ. ಆ ಒಂದು ವರ್ಷದಲ್ಲಿಯೇ ಗಂಡಿನ ಕಡೆಯವರು ನೋಡಲು ಬರುತ್ತಾರೆ. ಹದಿನಾರರಿಂದ ಹದಿನೆಂಟರವರೆಗಿನ ಆ ಎರಡು ವರ್ಷ ನಮ್ಮ ಎಷ್ಟು ಶಿಷ್ಯೆಯರನ್ನು ನುಂಗಿದೆಯೆಂಬುದನ್ನು ಹಾಜರಿ ಪುಸ್ತಕಗಳ ಹೆಸರುಗಳನ್ನು ನೆನೆದಾಗಲೆಲ್ಲ ಎಣಿಸಿಕೊಳ್ಳುತ್ತೇವೆ. 2022ರಲ್ಲಿ ಆಂಧ್ರ ಸರ್ಕಾರವು ಮದುವೆಯ ನೆರವಿನ ಯೋಜನೆಗೆ ವಧೂವರರಿಬ್ಬರೂ ಹತ್ತನೆಯ ತರಗತಿ ತೇರ್ಗಡೆಯಾಗಿರಬೇಕೆಂಬ ನಿಬಂಧನೆ ಹಾಕಿದ್ದಿತು. ಆ ಯೋಜನೆಯ ಗತಿ ಏನೇ ಆಗಲಿ, ನಿಬಂಧನೆ ಮೆಚ್ಚತಕ್ಕದ್ದು. ಆದರೆ ಹತ್ತನೆಯ ತರಗತಿ ಮುಗಿಯುವುದು ಹದಿನೈದು ಹದಿನಾರಕ್ಕೆ. ಗಂಡಾಂತರ ಇರುವುದು ಅದರಾಚೆ.

ವಯಸ್ಸಿನ ಲೆಕ್ಕದ ವಿಷಯವಾಗಿ ಎರಡು ಮಾತು. ನಮ್ಮವರು ನಡೆಯುವ ವರ್ಷವನ್ನು ಎಣಿಸುತ್ತಾರೆ, ಕಾಯಿದೆ ತುಂಬಿದ ವರ್ಷವನ್ನು ಎಣಿಸುತ್ತದೆ. “ಹದಿನೆಂಟರಲ್ಲಿದ್ದಾಳೆ” ಎಂದು ತಾಯಿ ಹೇಳಿದರೆ ಹದಿನೇಳು ತುಂಬಿದೆಯೆಂದು ಅರ್ಥ. ಸುಳ್ಳಲ್ಲ, ಆದರೂ ಒಂದು ವರ್ಷ ಹೋಯಿತು. ಹಿಂದೆ ಶಾಲೆಗೆ ಸೇರಿಸುವಾಗ ಮಗುವಿನ ಕೈ ತಲೆಯ ಮೇಲಿಂದ ಬಳಸಿ ಇನ್ನೊಂದು ಕಿವಿಯನ್ನು ಮುಟ್ಟಿದರೆ ಸಾಕು, ಮೇಷ್ಟರು ಜೂನ್ ತಿಂಗಳ ಒಂದು ತಾರೀಖು ಬರೆದುಕೊಳ್ಳುತ್ತಿದ್ದರು. ಅಂತಹ ತಾರೀಖುಗಳನ್ನು ನಾವೂ ಬರೆದಿದ್ದೇವೆ, ಒಪ್ಪಿಕೊಳ್ಳಬೇಕು. ಚೊಚ್ಚಲು ಹೆರುವವಳಿಗೆ ಐದು ಸಾವಿರ ರೂಪಾಯಿ ಕೊಡುವ ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯ ಪರಿಷ್ಕೃತ ನಿಯಮದಲ್ಲಿ ತಾಯಿಗೆ ಕನಿಷ್ಠ ಹದಿನೆಂಟು ವರ್ಷ ಏಳು ತಿಂಗಳಾಗಿರಬೇಕೆಂದಿದೆ. ಇಷ್ಟು ಸೂಕ್ಷ್ಮವಾಗಿ ಎಣಿಸುವ ಕಾಲದಲ್ಲಿ ಜನನ ಪತ್ರವನ್ನು ಪೆಟ್ಟಿಗೆಯಲ್ಲಿ ಭದ್ರವಾಗಿಡುವುದು ಚಿನ್ನವನ್ನಿಡುವಷ್ಟೇ ಮುಖ್ಯ.

ಇನ್ನೊಂದು ಮಾತನ್ನು ಹೇಳದೆ ಬಿಡುವಂತಿಲ್ಲ. ಹದಿನೆಂಟು ತುಂಬದವಳು ಬಸುರಿಯಾಗಿ ಬಂದರೆ 2012ರ ಕಾಯಿದೆಯಂತೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಬೇಕು. ಇದಕ್ಕೆ ಹೆದರಿ ಕೆಲವರು ಹುಡುಗಿಯನ್ನು ಆಸ್ಪತ್ರೆಗೇ ತೋರಿಸುವುದಿಲ್ಲ. ಕೆಲವರು ಅಕ್ಕನ ಗುರುತಿನ ಚೀಟಿ ಕೊಟ್ಟು ವಯಸ್ಸು ಮರೆಮಾಚುತ್ತಾರೆ. ಯಾರಿಗೆ ಎಲ್ಲರಿಗಿಂತ ಹೆಚ್ಚು ಆರೈಕೆ ಬೇಕೋ ಅವಳಿಗೇ ಆರೈಕೆ ತಪ್ಪುತ್ತದೆ. ತಪ್ಪು ನಡೆದುಹೋಗಿದ್ದರೂ ವೈದ್ಯರ ಮುಂದೆ ನಿಜವಾದ ವಯಸ್ಸನ್ನೇ ಹೇಳಿರಿ. ಬಚ್ಚಿಟ್ಟ ವಯಸ್ಸಿಗೆ ಔಷಧ ಕೊಡಲು ಯಾರಿಗೂ ಸಾಧ್ಯವಿಲ್ಲ. ಮದುವೆ ಇನ್ನೂ ನಡೆದಿಲ್ಲವಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ತಿಳಿಸಬಹುದು, ಆ ಹುಡುಗಿಯೇ ತಿಳಿಸಬಹುದು.

ಸಂಘದ ಮುಂದೆ ನಮ್ಮದೊಂದು ಕೋರಿಕೆ. ಹತ್ತನೆಯ ತರಗತಿ ಮುಗಿಸುವ ನಮ್ಮ ಕನ್ನಡ ಶಾಲೆಗಳ ಹುಡುಗಿಯರ ಪಟ್ಟಿಯನ್ನು ಪ್ರತಿ ವರ್ಷ ಏಪ್ರಿಲಿನಲ್ಲಿ ತಯಾರಿಸಿ, ಯಾರು ಮುಂದೆ ಎಲ್ಲಿ ಓದುತ್ತಾರೆಂದು ಜೂನಿನೊಳಗೆ ಮನೆಮನೆಗೆ ಹೋಗಿ ಕೇಳಬೇಕು. ಗೌರಿಬಿದನೂರು, ಪಾವಗಡ, ಮಧುಗಿರಿಗಳ ಕಾಲೇಜುಗಳಲ್ಲಿ ಸೀಟು, ಹಾಸ್ಟೆಲು, ಬಸ್ ಪಾಸು, ಇವುಗಳ ವಿವರ ಒಂದು ಹಾಳೆಯಲ್ಲಿ ಮುದ್ರಿಸಿ ಕೊಟ್ಟರೂ ಸಾಕು. ಭುವನೇಶ್ವರಿಯ ಮೆರವಣಿಗೆಗೆ ಆಗುವ ಖರ್ಚಿನಲ್ಲಿ ಹತ್ತರಲ್ಲೊಂದು ಪಾಲು ಇದಕ್ಕೆ ಸಾಲುವುದು. ಖಜಾಂಚಿಗಳು ನಮ್ಮನ್ನು ನೋಡಿ ನಗುತ್ತಿದ್ದಾರೆ, ಆದರೂ ಹೇಳಿದೆವು.

ಆ ಅತ್ತೆಯ ವಿಷಯ ಹೇಳಿ ಮುಗಿಸುತ್ತೇವೆ. ಕಳೆದ ತಿಂಗಳು ಅವರನ್ನು ಪುನಃ ಕಂಡೆವು. ಸೊಸೆಗೆ ಹೆಣ್ಣು ಮಗುವಾಗಿದೆ, ಇಬ್ಬರೂ ಕ್ಷೇಮ. ಪ್ರಶ್ನೆಗೆ ಉತ್ತರ ಬಾಕಿಯಿತ್ತಲ್ಲ, “ಇಪ್ಪತ್ತು ತುಂಬುವವರೆಗೆ ಎಳೆಯ ತಾಯಿಯೇ ಅಮ್ಮ, ನೀವೂ ಹಾಗೆಯೇ ಇದ್ದಿರಿ” ಎಂದೆವು. ಆಕೆ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, “ನನಗೆ ಎರಡು ಹೋದವು, ಟೀಚರಮ್ಮ. ನಮ್ಮ ಗ್ರಹಚಾರ ಅಂದುಕೊಂಡಿದ್ದೆ” ಎಂದರು. ಅವರ ಚಿಕ್ಕ ಮಗಳು ಈಗ ಒಂಬತ್ತನೆಯ ತರಗತಿಯಲ್ಲಿದ್ದಾಳೆ. ಅವಳ ಹೆಸರನ್ನು ನಾವು ಆಗಲೇ ಪಟ್ಟಿಯಲ್ಲಿ ಬರೆದುಕೊಂಡಿದ್ದೇವೆ.